ಅಜ್ಜನ ಕಾಲದ ಲೆಡ್ಜರಿಗೆ ಜಪಾನಿನ ಕಾಗದವೇ ಯಾಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಜ್ಜನ ಕಾಲದ ಚೆಕ್‌ರೋಲ್‌ಗಳು (ಆಳುಗಳ ಹಾಜರಿ ಪುಸ್ತಕ), ಲೆಡ್ಜರ್‌ಗಳು, ಒಂದಷ್ಟು ಕಾಗದಪತ್ರ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿವೆ. 1930ರಿಂದ ಈಚಿನವು. ಅಂಚೆಲ್ಲ ಹರಿದಿದೆ, ಕೆಲವು ಕಡೆ ಬರಹ ಇದ್ದಲ್ಲೇ ಹಾಳೆ ಬಿರುಕು ಬಿಟ್ಟಿದೆ. ನಾಲ್ಕೈದು ಹಾಳೆ ಲ್ಯಾಮಿನೇಷನ್ ಮಾಡಿಸಿಯೂ ಆಯಿತು. ಈಗ ಪರಿಚಯದವರೊಬ್ಬರು ಜಪಾನಿನ ಕಾಗದ ತರಿಸಿ ಅಂಟಿಸಿ ಅನ್ನುತ್ತಿದ್ದಾರೆ. ಅಷ್ಟು ದೂರದ ಕಾಗದ ಯಾಕೆ? ಬಟರ್ ಪೇಪರ್, ಮೈದಾ ಅಂಟು ಸಾಲದಾ? ಮನೆಯಲ್ಲೇ ಮಾಡಬಹುದಾ?

ಉತ್ತರ: ಮೊದಲು ಒಂದು ವಿನಂತಿ. ಉಳಿದ ಹಾಳೆಗಳಲ್ಲಿ ಒಂದನ್ನೂ ಇನ್ನು ಲ್ಯಾಮಿನೇಷನ್‌ಗೆ ಕೊಡಬೇಡಿ. ಆಗಿರುವ ನಾಲ್ಕೈದರ ವಿಷಯ ಕೊನೆಗೆ ಹೇಳುತ್ತೇನೆ. ಬಟರ್ ಪೇಪರ್ ಬೇಡ, ಮೈದಾ ಅಂಟೂ ಬೇಡ. ಹರಿದ ಅಂಚುಗಳನ್ನು ನೀವೇ ಮನೆಯಲ್ಲಿ ಸರಿಮಾಡಿಕೊಳ್ಳಬಹುದು, ಅದು ಕಲಿಯಬಹುದಾದ ಕೆಲಸ. ಆದರೆ ಬರಹದ ಮೇಲೇ ಬಿರುಕು ಬಿಟ್ಟ ಹಾಳೆಗಳನ್ನು ಮಾತ್ರ ಮುಟ್ಟಬೇಡಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ಹಳೇ ಕಾಗದ ಉಳಿಸುವ ನಮ್ಮ ಕೆಲಸದಲ್ಲಿ ಎಲ್ಲದಕ್ಕಿಂತ ದೊಡ್ಡ ನಿಯಮ ಇದು: ಹಾಕಿದ ತೇಪೆ ಮೂಲ ಹಾಳೆಗಿಂತ ಗಟ್ಟಿ ಇರಬಾರದು. ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಗಟ್ಟಿ ಮಾಡೋದಕ್ಕೇ ಅಲ್ವಾ ರಿಪೇರಿ? ಸೆಲ್ಲೋಟೇಪ್ ಹಾಕಿದ ಯಾವುದಾದರೂ ಹಳೇ ಹಾಳೆ ನೋಡಿ. ಟೇಪ್ ಇದ್ದ ಜಾಗ ಹಾಗೇ ಇರುತ್ತದೆ, ಅದರ ಪಕ್ಕದಲ್ಲಿ ಹೊಸದಾಗಿ ಹರಿದಿರುತ್ತದೆ. ಹಾಳೆ ಬಗ್ಗಿದಾಗ ಬಲವೆಲ್ಲ ಹೋಗಿ ಟೇಪಿನ ಗಡಸು ಅಂಚಿನ ಮೇಲೆ ಬೀಳುತ್ತದೆ, ಅಲ್ಲಿ ಎಂಬತ್ತು ವರ್ಷದ ಕಾಗದ ತಡೆಯೋದಿಲ್ಲ. ಹಾಗಾಗಿ ಯಾರಾದರೂ ಜೋರಾಗಿ ಎಳೆದರೆ ಮೊದಲು ತೇಪೆ ಬಿಟ್ಟುಕೊಳ್ಳಬೇಕು, ಹಾಳೆ ಉಳಿಯಬೇಕು. ಜೊತೆಗೆ ನಾಳೆ ಇನ್ನೊಬ್ಬರು ಬಂದು ಅದನ್ನು ತೆಗೆಯಬೇಕು ಅಂದರೆ ಹಾಳೆಗೆ ನೋವಾಗದ ಹಾಗೆ ತೆಗೆಯಲು ಆಗಬೇಕು. ಅಷ್ಟು ತೆಳ್ಳಗೆ, ಅಷ್ಟು ಮೆತ್ತಗೆ ಇದ್ದೂ ಹರಿದದ್ದನ್ನು ಹಿಡಿದಿಟ್ಟುಕೊಳ್ಳುವ ಕಾಗದ ಯಾವುದು? ಅಲ್ಲಿಗೆ ಜಪಾನ್, ಕೊರಿಯಾ, ಚೀನಾ ಬರುತ್ತವೆ.

ಗುಟ್ಟು ಇರೋದು ನಾರಿನ ಉದ್ದದಲ್ಲಿ. ನೀಲಗಿರಿಯಂಥ ಮರದ ತಿರುಳಿನಿಂದ ಮಾಡಿದ ಕಾಗದದ ನಾರು ಸುಮಾರು 1 ಮಿಲಿಮೀಟರ್ ಉದ್ದ. ಬಿದಿರಿನದು ಎರಡು ಮೂರು ಮಿಲಿಮೀಟರ್. ಜಪಾನಿನವರು ಹೆಚ್ಚಾಗಿ ಬಳಸುವ ಕೊಜೊ ಗಿಡದ ನಾರು ಸರಾಸರಿ 8ರಿಂದ 10 ಮಿಲಿಮೀಟರ್ ಇರುತ್ತದೆ. ಈ ಕೊಜೊ ನಮ್ಮ ರೇಷ್ಮೆಹುಳ ತಿನ್ನುವ ಹಿಪ್ಪುನೇರಳೆಯ ಕುಟುಂಬದ್ದೇ ಗಿಡ. ನಾರು ಉದ್ದ ಇದ್ದಷ್ಟೂ ಒಂದು ಇನ್ನೊಂದರ ಮೇಲೆ ಜಾಸ್ತಿ ಜಾಗದಲ್ಲಿ ಹಾಯುತ್ತದೆ, ಜಾಸ್ತಿ ಕಡೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಆಚೆ ಬದಿಯ ಅಕ್ಷರ ಕಾಣುವಷ್ಟು ತೆಳ್ಳಗೆ ಮಾಡಿದರೂ ಹಾಳೆ ಬಿಡಿಬಿಡಿಯಾಗೋದಿಲ್ಲ. ನಿಮ್ಮ ಪ್ರಿಂಟರಿಗೆ ಹಾಕುವ ಕಾಗದ 70-80 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆ ಅಷ್ಟು ಗ್ರಾಂ ತೂಗುತ್ತದೆ. ತೆಂಗುಜೊ ಅನ್ನುವ ಕೊಜೊ ಕಾಗದ 2 ಜಿಎಸ್‌ಎಂನಲ್ಲೂ ಸಿಗುತ್ತದೆ. ಕೊಚಿ ಪ್ರಾಂತ್ಯದ ಹಿಡಾಕಾ ವಾಶಿ ಅನ್ನುವ ಕಂಪನಿ 1.6 ಜಿಎಸ್‌ಎಂ ತನಕ ಇಳಿಸಿದೆ. ಕೈಗೆ ತೆಗೆದುಕೊಂಡರೆ ಉಸಿರಿಗೇ ಹಾರಿಹೋಗುತ್ತದೆ, ಆದರೂ ಹರಿದ ಹಾಳೆಯನ್ನು ಹಿಡಿದು ನಿಲ್ಲಿಸುತ್ತದೆ.

ಬರೀ ನಾರು ಉದ್ದ ಇದ್ದರೆ ಸಾಲದು, ಅದನ್ನು ತೆಗೆಯುವ ಕ್ರಮವೂ ಮುಖ್ಯ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಕೊಜೊ ರೆಂಬೆ ಕಡಿದು, ಹಬೆಯಲ್ಲಿ ಬೇಯಿಸಿ ತೊಗಟೆ ಸುಲಿಯುತ್ತಾರೆ. ಮೇಲಿನ ಕಪ್ಪು ಸಿಪ್ಪೆ ಕೆರೆದು ಒಳಗಿನ ಬಿಳಿ ಪದರ ಮಾತ್ರ ಉಳಿಸಿಕೊಳ್ಳುತ್ತಾರೆ. ಅದನ್ನು ಬೂದಿ ನೀರು, ಸುಣ್ಣ ಅಥವಾ ಸೋಡಾದಂಥ ಕ್ಷಾರದಲ್ಲಿ ಬೇಯಿಸಿ, ತೊಳೆದು, ಉಳಿದ ಕಸವನ್ನು ಕೈಯಲ್ಲೇ ಆರಿಸಿ ತೆಗೆದು, ಆಮೇಲೆ ಬಡಿದು ನಾರು ಬಿಡಿಸುತ್ತಾರೆ. ಕತ್ತರಿಸೋದಿಲ್ಲ, ಬಡಿಯುತ್ತಾರೆ, ಅದರಿಂದಲೇ ನಾರಿನ ಉದ್ದ ಉಳಿಯುತ್ತದೆ. ನೀರಿಗೆ ಹಾಕಿದಾಗ ಇಷ್ಟು ಉದ್ದದ ನಾರು ಗಂಟು ಕಟ್ಟಿಕೊಳ್ಳಬಾರದು ಅಂತ ಒಂದು ಲೋಳೆ ಬೆರೆಸುತ್ತಾರೆ. ಅದು ತೊರೊರೊ-ಅವೊಯಿ ಅನ್ನುವ ಗಿಡದ ಬೇರಿನದು, ನಮ್ಮ ಬೆಂಡೆಕಾಯಿ ಗಿಡದ ಹತ್ತಿರದ ಸಂಬಂಧಿ. ಆ ಲೋಳೆಯಿಂದ ನೀರು ನಿಧಾನವಾಗಿ ಸೋರುತ್ತದೆ, ನಾರು ಒಂದೇ ಸಮ ಹರಡುತ್ತದೆ. ಹೀಗೆ ಮಾಡಿದ ಕಾಗದದಲ್ಲಿ ಹುಳಿ ಇರೋದಿಲ್ಲ.

ನಿಮ್ಮ ಲೆಡ್ಜರಿನ ಅಂಚು ಕಂದಾಗಿ ಪುಡಿಪುಡಿಯಾಗುತ್ತಿರುವುದಕ್ಕೆ ಮುಖ್ಯ ಕಾರಣ ಈ ಹುಳಿಯೇ. ಆ ಕಾಲದ ಗಿರಣಿ ಕಾಗದಕ್ಕೆ ಶಾಯಿ ಹರಡದಿರಲಿ ಅಂತ ಪಟಿಕ ಮತ್ತು ರಾಳ ಸೇರಿಸುತ್ತಿದ್ದರು. ಪಟಿಕ ಗಾಳಿಯ ತೇವದ ಜೊತೆ ಸೇರಿ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಆಮ್ಲ ಬಿಡುತ್ತಾ ನಾರನ್ನು ತುಂಡು ಮಾಡುತ್ತದೆ. ನಮ್ಮ ಮಲೆನಾಡಿನ ತೇವದಲ್ಲಿ ಇದು ಇನ್ನೂ ಜೋರು. ಹುಳಿ ಇರುವ ಕಾಗದದ ಮೇಲೆ ಮತ್ತೆ ಹುಳಿ ಇರುವ ಕಾಗದ ಅಂಟಿಸಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇದು ಹೊಸ ಫ್ಯಾಷನ್ ಅಂದುಕೊಳ್ಳಬೇಡಿ. ಪೂರ್ವ ಏಷ್ಯಾದಲ್ಲಿ ಚಿತ್ರಸುರುಳಿಗಳ ಹಿಂದೆ ತೆಳು ಕಾಗದ ಅಂಟಿಸಿ ಉಳಿಸುವ ಕಸುಬು ಶತಮಾನಗಳಷ್ಟು ಹಳೆಯದು. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೊ ನದಿ ಉಕ್ಕಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕ ಕೆಸರಲ್ಲಿ ಮುಳುಗಿದವು. ಬೇರೆ ಬೇರೆ ದೇಶದಿಂದ ಬಂದವರು ಸೇರಿ ರಿಪೇರಿ ಮಾಡಿದರು. ಜಪಾನಿನ ಕಾಗದ ಪಶ್ಚಿಮದ ದೇಶಗಳಲ್ಲಿ ಈ ಪರಿ ಬಳಕೆಗೆ ಬಂದದ್ದು ಆ ದುರಂತದ ನಂತರ. ಈಗ ಜಪಾನಿನ ಮೂರು ಕಡೆಯ ಕೈಕಾಗದ ಕಸುಬು 2014ರಿಂದ ಯುನೆಸ್ಕೋದ ಪರಂಪರೆ ಪಟ್ಟಿಯಲ್ಲಿದೆ. ಚೀನಾದ ಆನ್‌ಹುಯಿ ಪ್ರಾಂತ್ಯದ ಶ್ವಾನ್ ಕಾಗದ 2009ರಲ್ಲೇ ಸೇರಿದೆ. ಶ್ವಾನ್ ಕಾಗದದಲ್ಲಿ ಒಂದು ಜಾತಿಯ ಮರದ ತೊಗಟೆಯ ಜೊತೆ ಭತ್ತದ ಹುಲ್ಲಿನ ನಾರೂ ಇರುತ್ತದೆ. ಅದು ಮೆತ್ತಗೆ, ಚಿತ್ರಗಳ ಬೆನ್ನಿಗೆ ಒಳ್ಳೆಯದು, ನಿಮ್ಮ ಕೆಲಸಕ್ಕೆ ಬೇಕಿಲ್ಲ. ಕೊರಿಯಾದ ಹಂಜಿಯೂ ಕೊಜೊ ಕುಲದ ಗಿಡದ್ದೇ. ಒಳ್ಳೆಯ ಹಂಜಿ ಸಿಕ್ಕಿದರೆ ನಾನು ಜಪಾನೇ ಬೇಕು ಅಂತ ಹಠ ಹಿಡಿಯೋದಿಲ್ಲ. ಜಪಾನಿನಲ್ಲೇ ಗಂಪಿ, ಮಿತ್ಸುಮಾತಾ ಅಂತ ಇನ್ನೆರಡು ನಾರು ಇವೆ. ಗಂಪಿ ನುಣುಪು, ಹೊಳಪು, ಚೆಂದ, ಆದರೆ ಒದ್ದೆಯಾದರೆ ಸುಕ್ಕು ಹಿಡಿಯುವ ಸ್ವಭಾವ. ಮೊದಲ ಸಲ ಮಾಡುವವರು ಕೊಜೊಗೇ ಅಂಟಿಕೊಳ್ಳಿ.

ಕೊಳ್ಳುವಾಗ ಏನು ಕೇಳಬೇಕು? ಪೂರ್ತಿ ಕೊಜೊನಾ, ಮರದ ತಿರುಳು ಸೇರಿದೆಯಾ, ಬ್ಲೀಚ್ ಮಾಡಿದ್ದಾ, ಎಷ್ಟು ಜಿಎಸ್‌ಎಂ. ಈ ನಾಲ್ಕಕ್ಕೆ ಉತ್ತರ ಕೊಡದ ಅಂಗಡಿಯಿಂದ ತರಿಸಬೇಡಿ. ಕ್ರಾಫ್ಟ್ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ರೈಸ್ ಪೇಪರ್ ಅಂತ ಮಾರುವುದರಲ್ಲಿ ಬಹಳಷ್ಟು ಮರದ ತಿರುಳಿನದೇ. ನೋಡೋಕೆ ತೆಳ್ಳಗೆ, ಬೆಳ್ಳಗೆ ಇರುತ್ತದೆ, ಅಷ್ಟೇ. ಮನೆಯಲ್ಲಿ ಎರಡು ಪರೀಕ್ಷೆ ಮಾಡಬಹುದು. ಒದ್ದೆ ಬ್ರಷ್ಷಿನಿಂದ ಒಂದು ಗೆರೆ ಎಳೆದು ಆ ಗೆರೆಯಲ್ಲಿ ನಿಧಾನ ಎಳೆದು ಹರಿಯಿರಿ. ಅಂಚಿನಲ್ಲಿ ಉದ್ದುದ್ದ ಕೂದಲೆಳೆ ಹೊರಗೆ ಬಂದರೆ ನಾರು ಉದ್ದದ್ದು. ಮೊಂಡಾಗಿ ಹರಿದರೆ ಬಿಟ್ಟುಬಿಡಿ. ಇನ್ನೊಂದು, ನೋಟು ಪರೀಕ್ಷಿಸುವ ಯುವಿ ಟಾರ್ಚ್ ಇದೆಯಲ್ಲ, ಅದನ್ನು ಕತ್ತಲೆಯಲ್ಲಿ ಹಿಡಿದು ನೋಡಿ. ನೀಲಿಯಾಗಿ ಪ್ರಕಾಶಿಸಿದರೆ ಬಿಳುಪು ಬರಿಸುವ ರಾಸಾಯನಿಕ ಸೇರಿದೆ ಅಂತ ಅರ್ಥ. ಅದೂ ಬೇಡ.

ತೂಕದ ವಿಷಯದಲ್ಲಿ ಎಲ್ಲರೂ ದಪ್ಪದ ಕಡೆಗೇ ವಾಲುತ್ತಾರೆ. ಲೆಡ್ಜರ್ ಹಾಳೆ ಸ್ವಲ್ಪ ದಪ್ಪ ಇರುವುದರಿಂದ ಸಾಮಾನ್ಯವಾಗಿ ಹರಿದ ಜಾಗಕ್ಕೆ 5ರಿಂದ 10 ಜಿಎಸ್‌ಎಂ ಸಾಕು. ಪತ್ರಗಳ ತೆಳು ಹಾಳೆಗೆ 3.5ರಿಂದ 5. ಹೊಲಿಗೆಯ ಮಡಿಕೆ ಬಿಟ್ಟುಹೋಗಿ ಹಾಳೆ ಜೋಡಿ ಬೇರೆಯಾಗಿದ್ದರೆ ಅಲ್ಲಿಗೆ ಮಾತ್ರ 15-20ರದ್ದು ಹಾಕಬಹುದು. ಗೊಂದಲವಾದರೆ ತೆಳುವಾದದ್ದನ್ನೇ ಆರಿಸಿ.

ನಮ್ಮ ದೇಶದ್ದೇ ಕಾಗದ ಯಾಕಾಗಬಾರದು ಅನ್ನುವ ನಿಮ್ಮ ಮಾತು ನ್ಯಾಯವಾದದ್ದು. ನಮ್ಮ ಕೈಕಾಗದ ಹೆಚ್ಚಾಗಿ ಹತ್ತಿಬಟ್ಟೆಯ ತುಂಡುಗಳಿಂದ ಆಗುವಂಥದ್ದು. ತುಂಬ ಒಳ್ಳೆಯ ಕಾಗದ, ಹಾಳೆಗಳನ್ನು ಇಡುವ ಫೋಲ್ಡರ್ ಮಾಡೋಕೆ ನಾನೂ ಬಳಸುತ್ತೇನೆ. ಆದರೆ ಬಟ್ಟೆಯನ್ನು ಕತ್ತರಿಸಿ ಅರೆದು ಮಾಡುವುದರಿಂದ ನಾರು ಚಿಕ್ಕದಾಗಿರುತ್ತದೆ, ತೆಳ್ಳಗೆ ಮಾಡಿದರೆ ನಿಲ್ಲೋದಿಲ್ಲ. ಅರುಣಾಚಲದ ತವಾಂಗ್ ಕಡೆ ಮೊನ್ಪಾ ಜನರು ತೊಗಟೆ ನಾರಿನಿಂದ ಕಾಗದ ಮಾಡುತ್ತಾರೆ. ನಿಂತೇಹೋಗುವಂತಿದ್ದ ಆ ಕಸುಬಿಗೆ 2020ರಲ್ಲಿ ಖಾದಿ ಆಯೋಗ ಮತ್ತೆ ಜೀವ ಕೊಟ್ಟಿತು. ನೇಪಾಳದ ಲೋಕ್ತಾ ಕಾಗದವೂ ಅದೇ ರೀತಿಯದು. ಅವುಗಳಲ್ಲಿ ಹಾಳೆಯಿಂದ ಹಾಳೆಗೆ ದಪ್ಪ ಬದಲಾಗುತ್ತದೆ, 3-4 ಜಿಎಸ್‌ಎಂನಷ್ಟು ತೆಳುವಾದದ್ದು ಸಿಗೋದು ಕಷ್ಟ. ಲೆಡ್ಜರಿನ ರಟ್ಟಿನ ಮೂಲೆ, ಬೆನ್ನಿನ ಭಾಗ ಸರಿಮಾಡೋಕೆ ಅವು ಧಾರಾಳ ಆಗುತ್ತವೆ. ಬಟರ್ ಪೇಪರ್ ಮಾತ್ರ ಯಾವುದಕ್ಕೂ ಆಗೋದಿಲ್ಲ. ಕಾಲ ಹೋದ ಹಾಗೆ ಅದೇ ಹಳದಿಯಾಗಿ ಮುರಿಯುತ್ತದೆ, ತೇವಕ್ಕೆ ಸಿಕ್ಕರೆ ಅಲೆ ಅಲೆಯಾಗಿ ಹಿಗ್ಗುತ್ತದೆ.

ಈಗ ಬರಹದ ಮೇಲಿನ ಬಿರುಕು. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಆ ಕಾಲದ ನೀಲಿ-ಕಪ್ಪು ಶಾಯಿಗಳಲ್ಲಿ ಬಹುಪಾಲು, ಕಬ್ಬಿಣದ ಉಪ್ಪು ಮತ್ತು ಟ್ಯಾನಿನ್ ಅನ್ನುವ ಒಗರು ಪದಾರ್ಥ ಸೇರಿಸಿ ಮಾಡಿದವು. ಬರೆದ ಜಾಗದಲ್ಲಿ ಆಮ್ಲವೂ ಇರುತ್ತದೆ, ಕಬ್ಬಿಣವೂ ಇರುತ್ತದೆ. ಎರಡೂ ಸೇರಿ ಕಾಗದವನ್ನು ಒಳಗಿಂದ ತಿನ್ನುತ್ತವೆ. ಹಾಳೆ ತಿರುಗಿಸಿ ನೋಡಿ, ಅಕ್ಷರಗಳು ಹಿಂದುಗಡೆ ಕಂದು ಬಣ್ಣದಲ್ಲಿ ಮೂಡಿದ್ದರೆ ಇದೇ ಇರಬೇಕು. ಇಂಥ ಹಾಳೆಗೆ ನೀರಿರುವ ಅಂಟು ಹಚ್ಚಿದರೆ, ಕರಗಿದ ಕಬ್ಬಿಣ ಅಂಟಿನ ತೇವದ ಜೊತೆ ಸುತ್ತ ಹರಡಿ ಇದುವರೆಗೆ ಚೆನ್ನಾಗಿದ್ದ ಜಾಗವನ್ನೂ ತಿನ್ನಲು ಶುರುಮಾಡುತ್ತದೆ. ಆ ದಿನ ನಿಮಗೆ ಏನೂ ಕಾಣೋದಿಲ್ಲ. ಕೆಲವು ವರ್ಷ ಕಳೆದ ಮೇಲೆ ತೇಪೆಯ ಆಕಾರದಲ್ಲೇ ಕಂದು ಕಲೆ ಏಳುತ್ತದೆ. ಇದಕ್ಕೆ ನಾವು ಮಾಡುವ ಉಪಾಯ ಬೇರೆ: 2 ಜಿಎಸ್‌ಎಂ ತೆಂಗುಜೊ ಮೇಲೆ ಮೊದಲೇ ಜೆಲಟಿನ್ ಸವರಿ ಒಣಗಿಸಿಟ್ಟು, ಬೇಕಾದಷ್ಟೇ ಚೂರು ಕತ್ತರಿಸಿ, ತೀರಾ ಕಡಿಮೆ ತೇವದಲ್ಲಿ ಅಂಟಿಸೋದು. ಜೆಲಟಿನ್ ಕಬ್ಬಿಣವನ್ನು ಸ್ವಲ್ಪಮಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ. ಕರಗುವ ಕಬ್ಬಿಣ ಇದೆಯಾ ಅಂತ ನೋಡಲು ಒಂದು ಪರೀಕ್ಷಾ ಪಟ್ಟಿ ಇದೆ, ಇದ್ದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಷ್ಟೆಲ್ಲ ಕೈ ಪಳಗಿದವರ ಕೆಲಸ. ನೀವು ಇಂಥ ಹಾಳೆಗಳನ್ನು ಬೇರೆ ತೆಗೆದು, ನಡುನಡುವೆ ಒಳ್ಳೆಯ ಕಾಗದ ಇಟ್ಟು, ಬಗ್ಗದ ಹಾಗೆ ಮಲಗಿಸಿ ಇಡಿ, ಅಷ್ಟು ಸಾಕು. ಬೆಂಗಳೂರಿನಲ್ಲಿ ಇಂಟ್ಯಾಕ್ ಅನ್ನುವ ಪರಂಪರೆ ಉಳಿಸುವ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ವಿಚಾರಿಸಬಹುದು.

ಚೆಕ್‌ರೋಲ್‌ಗಳಲ್ಲಿ ಇನ್ನೊಂದು ಅಪಾಯ ಉಂಟು. ಕೆಲವು ಹೆಸರು, ಹಾಜರಿ ಗುರುತು ಮಾಮೂಲಿ ಪೆನ್ಸಿಲ್ಲಿನಲ್ಲಿ ಬರೆದ ಹಾಗೆ ಕಾಣುತ್ತವೆ. ಅದು ಕಾಪಿಯಿಂಗ್ ಪೆನ್ಸಿಲ್ ಆಗಿದ್ದರೆ ಒಂದು ಹನಿ ನೀರು ತಾಗಿದರೂ ನೇರಳೆ ಬಣ್ಣ ಹರಡಿಬಿಡುತ್ತದೆ. ಕೆಂಪು ಶಾಯಿ, ರಬ್ಬರ್ ಮೊಹರು ಕೂಡ ನಂಬುವಂಥದ್ದಲ್ಲ. ಹಾಗಾಗಿ ಯಾವ ಹಾಳೆಗೇ ಆಗಲಿ ಅಂಟು ಹಚ್ಚುವ ಮುಂಚೆ, ಮೂಲೆಯ ಯಾವುದೋ ಒಂದು ಚುಕ್ಕಿಗೆ ಸ್ವಲ್ಪವೇ ಒದ್ದೆ ಮಾಡಿದ ಹತ್ತಿಯ ತುದಿ ತಾಗಿಸಿ, ಮೇಲೆ ಬಿಳಿ ಬ್ಲಾಟಿಂಗ್ ಪೇಪರ್ ಒತ್ತಿ ನೋಡಿ. ಬಣ್ಣ ಬಂತು ಅಂದರೆ ಅಲ್ಲಿಗೆ ನಿಲ್ಲಿಸಿ.

ಇನ್ನು ಅಂಟು. ಮೈದಾದಲ್ಲಿ ಪಿಷ್ಟದ ಜೊತೆ ಗ್ಲುಟೆನ್ ಇರುತ್ತದೆ. ಅದು ಒಣಗಿ ಗಡಸಾಗುತ್ತದೆ, ಹಳದಿಯಾಗುತ್ತದೆ, ಹುಳುಗಳಿಗೆ ಬಲು ಇಷ್ಟ. ನಮಗೆ ಬೇಕಾದ್ದು ಗ್ಲುಟೆನ್ ತೆಗೆದ ಗೋಧಿ ಪಿಷ್ಟ ಮಾತ್ರ. ಸಂರಕ್ಷಣೆಯ ಸಾಮಾನು ಮಾರುವವರಲ್ಲಿ ಪುಡಿ ಸಿಗುತ್ತದೆ. ಒಂದು ಭಾಗ ಪಿಷ್ಟಕ್ಕೆ ನಾಲ್ಕೈದು ಭಾಗ ಶುದ್ಧ ನೀರು. ಸ್ವಲ್ಪ ಹೊತ್ತು ನೆನೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ ಇಪ್ಪತ್ತು ಮೂವತ್ತು ನಿಮಿಷ ಬೇಯಿಸಿ. ಬಿಳಿ ಹೋಗಿ ಅರೆಪಾರದರ್ಶಕ ಆಗಬೇಕು. ಪೂರ್ತಿ ಆರಿದ ಮೇಲೆ ಸಣ್ಣ ಜರಡಿಯಲ್ಲಿ ಎರಡು ಸಲ ಉಜ್ಜಿ ಸೋಸಿ, ನೀರು ಸೇರಿಸಿ ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಎರಡು ಮೂರು ದಿನಕ್ಕಿಂತ ಜಾಸ್ತಿ ಇಡಬೇಡಿ, ವಾಸನೆ ಬಂದರೆ ಚೆಲ್ಲಿಬಿಡಿ. ಫೆವಿಕಾಲ್ ಹತ್ತಿರವೂ ಸುಳಿಯಬೇಡಿ. ಒಣಗಿದ ಮೇಲೆ ಹಾಳೆಗೆ ಪೆಟ್ಟಾಗದೆ ಅದನ್ನು ಬಿಡಿಸೋಕೆ ಆಗೋದಿಲ್ಲ.

ಹುಳು ಬರದಿರಲಿ ಅಂತ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವ ಹಳೇ ಪದ್ಧತಿ ಇದೆ. ಬೋರ್ಡೋ ದ್ರಾವಣಕ್ಕೆ ಅಂತ ನಿಮ್ಮ ತೋಟದ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ: ಹಾಕಬೇಡಿ. ಅದರಲ್ಲಿರೋದು ತಾಮ್ರ. ಶಾಯಿಯ ಕಬ್ಬಿಣ ಮಾಡುವ ಕೆಲಸವನ್ನೇ ತಾಮ್ರವೂ ಮಾಡುತ್ತದೆ, ಕಾಗದವನ್ನು ಸುಟ್ಟ ಹಾಗೆ ಕಂದು ಮಾಡಿ ಮುರಿಸುತ್ತದೆ. ಅದೇ ರೀತಿ, ಬಿಳಿ ತೇಪೆ ಎದ್ದು ಕಾಣುತ್ತದೆ ಅಂತ ಕಾಫಿ ಡಿಕಾಕ್ಷನ್ನಲ್ಲೋ ಟೀಯಲ್ಲೋ ಅದ್ದಿ ಬಣ್ಣ ಹೊಂದಿಸುವವರು ಇದ್ದಾರೆ. ಎರಡೂ ಆಮ್ಲೀಯ. ಬ್ಲೀಚ್ ಮಾಡದ ಕೊಜೊಗೆ ತಾನಾಗೇ ನಸು ಕೆನೆ ಬಣ್ಣ ಇರುತ್ತದೆ, ಹಳೇ ಲೆಡ್ಜರಿಗೆ ಅದು ಸಾಕು. ತೇಪೆ ಹತ್ತಿರದಿಂದ ನೋಡಿದವರಿಗೆ ಕಂಡರೆ ಕಾಣಲಿ, ನಾವೇನು ಮುಚ್ಚಿಡುತ್ತಿಲ್ಲ.

ಕೆಲಸದ ಕ್ರಮ ಹೇಳುತ್ತೇನೆ. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬೂಷ್ಟು ಇದ್ದರೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಪೂರ್ತಿ ಒಣಗಿದ ಮೇಲೆ. ಹರಿದ ಜಾಗದ ಎರಡೂ ಬದಿ ಸರಿಯಾಗಿ ಕೂರಿಸಿ, ಯಾವ ಬದಿಯ ನಾರು ಮೇಲೆ ಬರಬೇಕು ಅಂತ ನೋಡಿ. ಕಾಗದವನ್ನು ಕತ್ತರಿಯಿಂದ ಕತ್ತರಿಸಬೇಡಿ, ಒದ್ದೆ ಗೆರೆ ಎಳೆದು ಹರಿಯಿರಿ, ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಅಗಲ ಸಾಕು. ಅಂಚಿನಲ್ಲಿ ಹೊರಗೆ ಬಂದ ಎಳೆಗಳೇ ಹಾಳೆಯನ್ನು ಹಿಡಿದುಕೊಳ್ಳೋದು, ಅವು ತೆಳುವಾಗುತ್ತಾ ಹೋಗುವುದರಿಂದ ಗಡಸು ಅಂಚು ಉಳಿಯೋದಿಲ್ಲ. ಉದ್ದಕ್ಕೆ ಹರಿದಿದ್ದರೆ ಒಂದೇ ಪಟ್ಟಿ ಹಾಕದೆ ಚಿಕ್ಕ ಚಿಕ್ಕ ತುಂಡು ಹಾಕಿ, ಹರಿದ ಗೆರೆ ಬಾಗಿದ ಕಡೆಗೆ ತುಂಡೂ ಬಾಗುತ್ತದೆ. ಪಟ್ಟಿಯನ್ನು ಗಾಜಿನ ಮೇಲಿಟ್ಟು ತೆಳುವಾಗಿ ಅಂಟು ಸವರಿ, ಒಂದು ಕ್ಷಣ ಬ್ಲಾಟಿಂಗ್ ಪೇಪರ್ ಮೇಲಿಟ್ಟು ಹೆಚ್ಚಿನ ನೀರು ಎಳೆಸಿ, ಚಿಮುಟದಿಂದ ಎತ್ತಿ, ಬರಹ ಕಡಿಮೆ ಇರುವ ಬದಿಗೆ ಕೂರಿಸಿ. ಮೇಲೆ ಕೆಳಗೆ ಅಂಟಿಕೊಳ್ಳದ ಪಾಲಿಯೆಸ್ಟರ್ ಬಟ್ಟೆ, ಅದರಾಚೆ ಬ್ಲಾಟಿಂಗ್ ಪೇಪರ್, ಮೇಲೆ ಗಾಜು, ಗಾಜಿನ ಮೇಲೆ ಭಾರ. ಕಾಲು ಗಂಟೆ ಕಳೆದು ಬ್ಲಾಟಿಂಗ್ ಪೇಪರ್ ಬದಲಿಸಿ, ಆಮೇಲೆ ರಾತ್ರಿಯಿಡೀ ಹಾಗೇ ಬಿಡಿ. ಬಿಸಿಲಿಗೆ ಇಡೋದು, ಇಸ್ತ್ರಿ ಪೆಟ್ಟಿಗೆ ಒತ್ತೋದು ಬೇಡ. ಮೊದಲು ಯಾವುದಾದರೂ ಹಳೇ ನೋಟ್‌ಬುಕ್ ಹರಿದು ಅದರ ಮೇಲೆ ಕೈ ಪಳಗಿಸಿಕೊಳ್ಳಿ.

ಯಾವಾಗ ಮಾಡೋದು ಅನ್ನೋದೂ ನಿಮ್ಮ ಊರಿಗೆ ಮುಖ್ಯ. ನಾನಿರುವ ಹಾಸನದಲ್ಲಿ ವರ್ಷದ ಬಹುಪಾಲು ಕೆಲಸ ನಡೆಯುತ್ತದೆ. ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ಪಿಷ್ಟದ ಅಂಟು ದಿನಗಟ್ಟಲೆ ಆರೋದಿಲ್ಲ. ಗಾಳಿಯ ತೇವ ಶೇಕಡಾ 65 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ, ಅದಕ್ಕೆ ಹೊಸ ಪಿಷ್ಟ ಸಿಕ್ಕರೆ ಕೇಳಬೇಕೇ. ಕೊಯ್ಲಿನ ಗಡಿಬಿಡಿ ಮುಗಿದು ಫೆಬ್ರವರಿ, ಮಾರ್ಚ್‌ನಲ್ಲಿ ಕೂತು ಮಾಡಿ. ಅಲ್ಲಿಯ ತನಕ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಹೊರಗೋಡೆಗೆ ತಾಗದ ಹಾಗೆ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ. ನಿಜ ಹೇಳಬೇಕು ಅಂದರೆ ನಿಮ್ಮ ಪೆಟ್ಟಿಗೆಯ ಅರ್ಧಕ್ಕಿಂತ ಜಾಸ್ತಿ ಹಾಳೆಗಳಿಗೆ ಯಾವ ತೇಪೆಯೂ ಬೇಕಾಗಲಿಕ್ಕಿಲ್ಲ. ಧೂಳು ತೆಗೆದು, ಫೋಟೊ ತೆಗೆದು, ಫೋಲ್ಡರಿಗೆ ಹಾಕಿದರೆ ಅವು ಆರಾಮಾಗಿ ಇರುತ್ತವೆ. ಸುಮ್ನೆ ಎಲ್ಲಕ್ಕೂ ಅಂಟಿಸುತ್ತಾ ಹೋಗಬೇಡಿ. ಕ್ರಯಪತ್ರದಂಥ ನೋಂದಣಿಯಾದ ದಾಖಲೆ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಮೊದಲು ತೆಗೆಸಿಡಿ.

ಪೆಟ್ಟಿಗೆಯ ತಳದಲ್ಲಿ ಮಡಿಸಿದ ಕಪ್ಪು ಬಟ್ಟೆಯ ಪುಸ್ತಕ ಏನಾದರೂ ಸಿಕ್ಕರೆ ಅದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಬಳಪದಲ್ಲಿ ಬರೆದದ್ದು. ಶೃಂಗೇರಿ ಮಠದಲ್ಲಿ ಇಂಥವು ಬಹಳ ಇವೆ. ಅದಕ್ಕೆ ಒದ್ದೆ ಕೈಯನ್ನೂ ತಾಗಿಸಬೇಡಿ, ಅಕ್ಷರ ಅಲ್ಲೇ ಅಳಿಸಿಹೋಗುತ್ತದೆ. ಮೇಲೆ ಹೇಳಿದ ಯಾವ ಕ್ರಮವೂ ಅದಕ್ಕೆ ಹೊಂದುವುದಿಲ್ಲ.

ಕೊನೆಗೆ ಲ್ಯಾಮಿನೇಷನ್ ಆದ ಹಾಳೆಗಳು. ಬೇಸರ ಮಾಡಿಕೊಳ್ಳಬೇಡಿ, ಒಂದು ಕಾಲಕ್ಕೆ ದೊಡ್ಡ ದೊಡ್ಡ ಪತ್ರಾಗಾರಗಳೇ ಇದನ್ನು ಒಳ್ಳೆಯದು ಅಂದುಕೊಂಡು ಮಾಡಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಯಂತ್ರವಿಲ್ಲದೆ, ಸೆಲ್ಯುಲೋಸ್ ಅಸಿಟೇಟ್ ಹಾಳೆ ಮತ್ತು ಟಿಶ್ಯೂ ಇಟ್ಟು ಅಸಿಟೋನ್ ಸವರಿ ಅಂಟಿಸುವ ವಿಧಾನವನ್ನೇ ರೂಪಿಸಿದ್ದರು. ಆ ಅಸಿಟೇಟ್ ಹಳತಾದಾಗ ತಾನೇ ಆಮ್ಲ ಬಿಡುತ್ತದೆ ಅಂತ ಆಮೇಲೆ ಗೊತ್ತಾಯಿತು. ನಿಮ್ಮದು ಅಂಗಡಿಯ ಬಿಸಿ ಲ್ಯಾಮಿನೇಷನ್, ಅಂಟು ಕರಗಿ ನಾರಿನೊಳಗೆ ಇಳಿದಿದೆ. ಮೂಲೆ ಹಿಡಿದು ಸುಲಿಯಲು ಹೋದರೆ ಹಾಳೆಯ ಮೇಲ್ಪದರ, ಅದರ ಜೊತೆ ಅಕ್ಷರ ಎರಡೂ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬರುತ್ತವೆ. ಥಿನ್ನರ್, ಪೆಟ್ರೋಲು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎರಡೂ ಬದಿ ಚೆನ್ನಾಗಿ ಸ್ಕ್ಯಾನ್ ಮಾಡಿ, ಅವನ್ನು ಬೇರೆಯೇ ಒಂದು ಫೋಲ್ಡರಿನಲ್ಲಿ, ನಡುವೆ ಒಂದೊಂದು ಬಿಳಿ ಹತ್ತಿ ಕಾಗದ ಇಟ್ಟು, ಬಿಸಿ ತಾಗದ ಕಡೆ ಮಲಗಿಸಿಡಿ. ಯಾವ ದಿನ ಲ್ಯಾಮಿನೇಷನ್ ಮಾಡಿಸಿದಿರಿ ಅಂತ ಫೋಲ್ಡರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಮುಂದೆ ಅದನ್ನು ಬಿಡಿಸಲು ಕೂರುವವರು ಮೊದಲು ಕೇಳೋದು ಅದನ್ನೇ.